ಮಂಡಿಯ ಮೇಲೆ ಎರಡು ತಟ್ಟು

ವಿಲ್ಬರ್, ನೆಬ್ರಾಸ್ಕ
ಫೆಬ್ರವರಿ 11

ರೆಮಿಗೆ,

ನಿನ್ನ ವಿಳಾಸ ನಿನ್ನ ಅಕ್ಕನಿಂದ ಸಿಕ್ಕಿತು. ಆರು ವರ್ಷದ ಮೇಲೂ ಅವಳು ನನ್ನ ದನಿ ಗುರುತು ಹಿಡಿದಳು. "ಓ, ಕಂಬಾನಾ? ಇನ್ನೂ ಬದುಕಿದೀಯೇನೋ?" ಎಂದಳು. ನಿನಗೆ ಫೋನು ಮಾಡಬಹುದಿತ್ತು. ಬರೆದದ್ದು ಕೈಯಲ್ಲಿರಲಿ ಎಂದು ನಮ್ಮ ದೂರು ನಡೆಸುತ್ತಿರುವ ವಕೀಲೆ ಹೇಳಿದಳು. ನನಗೂ ನಿನ್ನ ನಗು ಕೇಳಿಸಿಕೊಂಡು ಮುಖ್ಯವಾದದ್ದನ್ನು ಕೇಳುವ ಧೈರ್ಯವಿರಲಿಲ್ಲ.

ಹೆರಾನ್ಸ್ ತಂಡ ಕ್ಯಾಮೆರಾ ಇಟ್ಟು ಮೋಸ ಮಾಡಿದ್ದರ ತನಿಖಾ ವರದಿ ನೀನು ಓದಿರುತ್ತೀಯ. ಆ ವರ್ಷ ನೀನು ಅಲ್ಲೇ ಇದ್ದೆ, ಈಗಲೂ ಅವರ ಅನ್ನವನ್ನೇ ಉಣ್ಣುತ್ತಿದ್ದೀಯ. ವ್ಯವಸ್ಥಾಪಕನಿಗೆ ಒಂದು ವರ್ಷ ರಜೆ, ತಂಡಕ್ಕೆ ದಂಡ, ಬಾಯಿಬಿಟ್ಟ ಆಟಗಾರರಿಗೆ ಮಾಫಿ. ಚಾಂಪಿಯನ್ ಪದವಿ ಮಾತ್ರ ಅವರದೇ. ಆ ಬೇಸಿಗೆಯಲ್ಲಿ ಅವರ ಎದುರು ಚೆಂಡು ಎಸೆದು ಮಣ್ಣು ಮುಕ್ಕಿದ ನಾವು ಹನ್ನೊಂದು ಜನ ಒಟ್ಟು ಸೇರಿದ್ದೇವೆ. ನಮಗೆ ಪರಿಹಾರ ಬೇಡ. ಆ ವರ್ಷದ ಪದವಿಯ ಮುಂದೆ ಹೆರಾನ್ಸ್ ಹೆಸರು ಅಳಿಸಬೇಕು, ಅಷ್ಟೆ. ನವೆಂಬರಿನಲ್ಲಿ ಲೀಗಿನ ಮೂವರ ಸಮಿತಿ ನಮ್ಮ ಮಾತು ಕೇಳುತ್ತದಂತೆ.

ಬೇಸ್‌ಬಾಲ್ ಆಟವನ್ನೇ ನೋಡದವರಿಗೂ ಅರ್ಥವಾಗುವ ಹಾಗೆ ಹೇಳಿಕೆ ಬರೆದುಕೊಡಿ ಎಂದಳು ವಕೀಲೆ. ನಾನು ಹೀಗೆ ಬರೆದೆ: "ಬ್ಯಾಟುಗಾರನ ಹಿಂದೆ ನನ್ನ ಚೆಂಡು ಹಿಡಿಯುವ ಕ್ಯಾಚರ್ ಕುಕ್ಕರುಗಾಲಲ್ಲಿ ಕೂತು ತೊಡೆಗಳ ನಡುವೆ ಬೆರಳಿನಿಂದ ಸನ್ನೆ ಮಾಡುತ್ತಾನೆ. ವೇಗದ ಎಸೆತವೋ ನಿಧಾನದ್ದೋ ಎಂಬುದು ಅವನಿಗೂ ನನಗೂ ಮಾತ್ರ ಗೊತ್ತಿರಬೇಕು. ಬ್ಯಾಟು ಹಿಡಿದವನಿಗೆ ಮೊದಲೇ ಗೊತ್ತಾದರೆ ನಾನು ಎಸೆಯುವುದು ಚೆಂಡಲ್ಲ, ತಟ್ಟೆಯಲ್ಲಿ ಬಡಿಸಿದ ಊಟ. ಎದುರಾಳಿ ಬರಿಗಣ್ಣಿನಿಂದ ಗುಟ್ಟು ಹಿಡಿದರೆ ಅದು ಜಾಣತನ. ಕ್ಯಾಮೆರಾ ಇಟ್ಟು ಹಿಡಿದರೆ ಮೋಸ." ಓದಿದ ವಕೀಲೆ ಕೇಳಿದಳು, "ಎರಡಕ್ಕೂ ಅಷ್ಟೇನಾ ವ್ಯತ್ಯಾಸ?" ಅಷ್ಟೇ ಎಂದೆ. ನಮ್ಮ ಆಟದ ಧರ್ಮ ಆ ತೆಳು ಗೆರೆಯ ಮೇಲೆ ನಿಂತಿದೆ.

ಆಗಸ್ಟ್ 23 ನಿನಗೆ ನೆನಪಿರಲೇಬೇಕು. ಮೇಲಿನ ಲೀಗಿನಲ್ಲಿ ಅದು ನನ್ನ ಮೂರನೇ ಆಟ, ನಿಮ್ಮ ಮೈದಾನದಲ್ಲಿ. ಮೊದಲ ಎರಡು ಇನಿಂಗ್ಸ್‌ನಲ್ಲಿ ಒಬ್ಬನೂ ನನ್ನ ಚೆಂಡು ಮುಟ್ಟಲಿಲ್ಲ. ಮೂರನೆಯದರಲ್ಲಿ ಏಳು ರನ್. ನಿಧಾನದ ಎಸೆತಕ್ಕೆ ಅವರು ಕಾದು ನಿಂತಿದ್ದರು, ಬಸ್ಸಿಗೆ ಕಾಯುವವರ ಹಾಗೆ. ಮರುದಿನ ಬೆಳಿಗ್ಗೆ ನನ್ನನ್ನು ಕೆಳಗಿನ ಲೀಗಿಗೆ ಕಳಿಸಿದರು. ಮತ್ತೆ ಯಾರೂ ಮೇಲೆ ಕರೆಯಲಿಲ್ಲ. ಈಗ ನಾನು ಟ್ರ್ಯಾಕ್ಟರ್ ಬಿಡಿಭಾಗ ಮಾರುವ ಅಂಗಡಿಯಲ್ಲಿ ಕೌಂಟರಿನ ಹಿಂದೆ ನಿಲ್ಲುತ್ತೇನೆ.

ಪತ್ರಿಕೆಯವರಿಗೆ ಇನ್ನೂ ನೆನಪಿರುವುದು ಆ ಇನಿಂಗ್ಸ್ ಒಂದೇ. ಆದ್ದರಿಂದ ನಮ್ಮ ಪಟ್ಟಿಯಲ್ಲಿ ಅದೇ ಮೊದಲು. ಆ ದಿನವೂ ಕ್ಯಾಮೆರಾ ಕೆಲಸ ಮಾಡುತ್ತಿತ್ತು ಎಂದು ಒಳಗಿದ್ದವರೊಬ್ಬರು ಹೇಳಬೇಕು. ನಿನ್ನಿಂದ ನನಗೆ ಬೇಕಾದದ್ದು ಅದೊಂದೇ.

ಒಂದು ವಿಷಯ ಯಾರಿಗೂ ಹೇಳಿಲ್ಲ. ಆ ಇನಿಂಗ್ಸ್‌ನ ನಡುವೆ ಒಮ್ಮೆ ನಿಮ್ಮ ಬೆಂಚಿನ ಕಡೆ ನೋಡಿದೆ. ನೀನು ಮಂಡಿಯ ಮೇಲೆ ಎರಡು ಸಲ ತಟ್ಟಿದೆ, ಮತ್ತೆ ಎರಡು ಸಲ. ಕೆಳಗಿನ ಲೀಗಿನಲ್ಲಿ ಐದು ವರ್ಷ ನನ್ನ ಕ್ಯಾಚರ್ ಆಗಿದ್ದ ನೀನು ಹಾಗೆ ತಟ್ಟಿದಾಗಲೆಲ್ಲ ನಾನು ಕೈಗವುಸನ್ನು ಎದೆಗೆ ಒತ್ತಿಕೊಳ್ಳುತ್ತಿದ್ದೆನಲ್ಲ, ನಮ್ಮ ಅದೃಷ್ಟಕ್ಕೆ. ಅವತ್ತು ಒತ್ತಿಕೊಳ್ಳಲಿಲ್ಲ. ಎದುರಿಗೆ ಬೇರೆ ಕ್ಯಾಚರ್ ಕೂತಿದ್ದ, ಅವನೆದುರು ಅದು ಸರಿಯಲ್ಲ ಅನ್ನಿಸಿತು. ಆದರೂ ಎದುರಾಳಿಯ ಬೆಂಚಿನಿಂದ ನೀನು ನನಗೆ ಒಳ್ಳೆಯದು ಬಯಸಿದೆ. ಆರು ವರ್ಷ ನೀನು ಒಂದು ಮಾತಾಡದಿದ್ದರೂ ಅದನ್ನು ಮರೆತಿಲ್ಲ.

ಇಂತಿ,
ವೆಂಡೆಲ್ ಹ್ರುಸ್ಕಾ


ಫ್ಲಾರಿಡ
ಮಾರ್ಚ್ 20

ಕಂಬಾ,

ನಿನ್ನ ಪತ್ರ ಬಂದು ತಿಂಗಳ ಮೇಲಾಯಿತು. ಚೀಲದಲ್ಲಿಟ್ಟುಕೊಂಡು ತಿರುಗುತ್ತಿದ್ದೆ. ಇಲ್ಲಿ ವಸಂತದ ತರಬೇತಿ ಶಿಬಿರ, ಬೆಳಿಗ್ಗೆ ಆರಕ್ಕೆ ಮೈದಾನ. ಹತ್ತೊಂಬತ್ತರ ಹರೆಯದವರಿಗೆ ಕೂರುವುದು, ಏಳುವುದು, ಚೆಂಡಿಗೆ ಎದೆ ಕೊಡುವುದು ಕಲಿಸುತ್ತೇನೆ. ಕೂತು ತೋರಿಸಿದರೆ ಏಳಲು ಇಬ್ಬರು ಕೈ ಹಿಡಿಯಬೇಕು. ನಿನ್ನೆ ಒಬ್ಬ ಕೇಳಿದ, "ಗುರುವೇ, ನೀವು ಆಡುವಾಗ ಹೆಲ್ಮೆಟ್ ಇತ್ತಾ?" ನನಗೆ ಮೂವತ್ತೆಂಟು, ಮಾರಾಯ. ಊರಲ್ಲಿ ಈಗ ಕೆರೆ ಸೀಗಡಿಯ ಕಾಲ. ಅಕ್ಕ ಫೋನಿನಲ್ಲಿ ಬೇಕೆಂದೇ ಚಪ್ಪರಿಸುತ್ತಾಳೆ.

ವರದಿ ಓದಿದೆ. ಮೂವತ್ತೊಂದನೇ ಪುಟದಲ್ಲಿ "ಒಬ್ಬ ಮೀಸಲು ಆಟಗಾರ" ಎಂದಿದೆಯಲ್ಲ, ಅದು ನಾನೇ. ಮೈದಾನದ ಆಚೆ ತುದಿಯಲ್ಲಿ ಕ್ಯಾಮೆರಾ, ಬೆಂಚಿನ ಹಿಂದಿನ ಓಣಿಯಲ್ಲಿ ಪರದೆ, ಪಕ್ಕದಲ್ಲಿ ಐಸ್ ಡಬ್ಬಿ. ಪರದೆ ನೋಡುವವನು ತಲೆಯಾಡಿಸಿದರೆ ಬ್ಯಾಟು ಹಿಡಿದವನಿಗೆ ಕೇಳುವಂತೆ ನಾನು ಸಲಿಕೆಯಿಂದ ಐಸನ್ನು ಒಮ್ಮೆ ಕೆರೆಯಬೇಕು. ಕೆರೆದರೆ ನಿಧಾನದ ಎಸೆತ, ಸುಮ್ಮನಿದ್ದರೆ ವೇಗದ್ದು. ಇಡೀ ಋತುವಿನಲ್ಲಿ ನಾನು ಆಡಿದ್ದು ಹನ್ನೊಂದು ಆಟ, ಕೆರೆದದ್ದು ಅರವತ್ತು. ಪದವಿ ಗೆದ್ದ ತಂಡದವರಿಗೆಲ್ಲ ಕೊಡುವ ಉಂಗುರ ನನಗೂ ಕೊಟ್ಟರು. ಕೆರೆಯುವವನಿಗೆ ಯಾಕಯ್ಯಾ ಉಂಗುರ ಎಂದು ಯಾರೂ ಕೇಳಲಿಲ್ಲ.

ಇಷ್ಟನ್ನು ನಿನಗೆಂದು ಬರೆದಿದ್ದೇನೆ, ನಿನ್ನ ವಕೀಲೆಗಲ್ಲ. ತನಿಖೆಯವರಿಗೆ ಹೆಸರಿಲ್ಲದೆ ಹೇಳಿದ್ದು ಬೇರೆ, ಸಮಿತಿಯ ಮುಂದೆ ಹೆಸರು ಹೇಳಿ ನಿಲ್ಲುವುದು ಬೇರೆ. ನಮ್ಮ ಕಸುಬಿನಲ್ಲಿ ಕದ್ದವನನ್ನು ಎರಡು ವರ್ಷಕ್ಕೆ ಕ್ಷಮಿಸುತ್ತಾರೆ. ಹೇಳಿದವನನ್ನು ಕ್ಷಮಿಸಿದ್ದು ನಾನು ನೋಡಿಲ್ಲ.

ಆಗಸ್ಟ್ 23ರದ್ದು ನನಗೆ ನೆನಪಿಲ್ಲ. ಋತುವಿಗೆ ನೂರ ಅರವತ್ತೆರಡು ಆಟ. ಎಲ್ಲ ಕಲಸಿಹೋಗಿವೆ.

ನಿಮ್ಮಮ್ಮ ಇನ್ನೂ ರೇಡಿಯೋ ಮುಂದೆ ಪೆನ್ಸಿಲ್ ಹಿಡಿದು ಕೂರುತ್ತಾರೆಯೇ? ನಮಸ್ಕಾರ ತಿಳಿಸು.

ನಿನ್ನ,
ರೆಮಿ ಬ್ರೂಸಾರ್ಡ್


ವಿಲ್ಬರ್
ಏಪ್ರಿಲ್ 9

ರೆಮಿ,

ಅಮ್ಮನಿಗೆ ನಮಸ್ಕಾರ ತಿಳಿಸಿದೆ. "ಅವನಾ? ನನ್ನ ಗಸಗಸೆ ಕೊಲಾಚೆ ಬನ್ನು ಹದಿನಾಲ್ಕು ತಿಂದು ಹದಿನೈದನೇದನ್ನ ಜೇಬಲ್ಲಿಟ್ಕೊಂಡು ಹೋದವನು ತಾನೆ?" ಎಂದಳು. ಹೌದು, ಈಗಲೂ ರೇಡಿಯೋ ಮುಂದೆ ಕೂರುತ್ತಾಳೆ. ನಾನು ಆಡಿದ ಪ್ರತಿ ಆಟದ ಪ್ರತಿ ಎಸೆತವೂ ಅವಳ ಸ್ಕೋರ್ ಪುಸ್ತಕದಲ್ಲಿದೆ. ಆಗಸ್ಟ್ 23ರದ್ದು ಮಾತ್ರ ಅರ್ಧ. ಮೂರನೇ ಇನಿಂಗ್ಸ್‌ನಲ್ಲಿ ನಾಲ್ಕನೆಯವನು ಹೊಡೆದಾಗ ಅವಳು ಪೆನ್ಸಿಲ್ ಕೆಳಗಿಟ್ಟಳು. ವರದಿ ಬಂದ ದಿನ ಆ ಹಾಳೆ ತೆಗೆದು ಖಾಲಿ ಉಳಿದ ಚೌಕಗಳ ಪಕ್ಕದಲ್ಲಿ "ಕಳ್ಳರು" ಎಂದು ದೊಡ್ಡದಾಗಿ ಬರೆದಳು.

ನಿನಗೆ ನೆನಪಿಲ್ಲ ಎನ್ನುವುದನ್ನು ನಾನು ಹೇಗೆ ನಂಬಲಿ? ಹದಿನಾಲ್ಕು ಗಂಟೆಯ ಬಸ್ಸಿನಲ್ಲಿ ಯಾರಿಗೂ ನಿದ್ದೆ ಬಾರದಾಗ ಮೂರು ವರ್ಷ ಹಿಂದಿನ ಆಟವನ್ನು ಎಸೆತ ಎಸೆತವಾಗಿ ಹೇಳುತ್ತಿದ್ದವನು ನೀನು. "ಏಳನೇ ಇನಿಂಗ್ಸ್, ಎಡಗೈಯವನು, ಎರಡನೇ ಎಸೆತ, ನೀನು ಮೂಗು ಕೆರ್ಕೊಂಡೆ" ಎನ್ನುತ್ತಿದ್ದೆ. ಕ್ಯಾಚರ್‌ಗಳು ಮರೆಯುವುದಿಲ್ಲ. ಮರೆತರೆ ಅವರ ಅನ್ನ ಹೋಗುತ್ತದೆ.

ನನಗೆ ಇದು ಏಕೆ ಬೇಕು ಎಂದು ಹೇಳುತ್ತೇನೆ. ಆರು ವರ್ಷ ನಾನು ಒಂದೇ ವಿಷಯ ನಂಬಿ ಬದುಕಿದೆ. ಮೇಲಿನ ಲೀಗಿಗೆ ನಾನು ಸಾಲದವನು, ಒಂದು ಮಧ್ಯಾಹ್ನ ಅದು ಎಲ್ಲರಿಗೂ ಗೊತ್ತಾಯಿತು ಎಂದು. ಅಂಗಡಿಯಲ್ಲಿ ಯಾರಾದರೂ ನನ್ನ ಮುಖವನ್ನು ಎರಡನೇ ಸಲ ನೋಡಿದರೆ ಬೋಲ್ಟ್ ಹುಡುಕುವ ನೆಪದಲ್ಲಿ ಒಳಗೆ ಹೋಗುತ್ತಿದ್ದೆ. ವರದಿ ಬಂದ ಮೇಲೆ ಮೂರು ಜಿಲ್ಲೆಯ ರೈತರು ಕೌಂಟರಿಗೆ ಒರಗಿ, "ನಿನ್ನ ದೋಚಿಬಿಟ್ರಲ್ಲಪ್ಪ ಹ್ರುಸ್ಕಾ" ಎನ್ನುತ್ತಾರೆ. ಕಳೆದ ವಾರ ಕಣಜದ ಗೋಡೆಗೆ ಇಪ್ಪತ್ತು ಎಸೆತ ಎಸೆದೆ. ಆರು ವರ್ಷದಲ್ಲಿ ಮೊದಲ ಸಲ. ಭುಜ ನೋಯಿತು. ನೋವು ಎಷ್ಟು ಹಿತವಾಗಿತ್ತು ಎಂದರೆ ಔಷಧಿ ಹಚ್ಚಲಿಲ್ಲ.

ಹೌದು ಅಥವಾ ಇಲ್ಲ. ಒಂದೇ ಪದ ಬರೆ.

ವೆಂಡೆಲ್


ಅಯೋವ
ಜೂನ್ 7

ಕಂಬಾ,

ಇಲ್ಲ.

ಒಂದು ಪದ ಸಾಕು ಎಂದು ನೀನು ಬರೆದಿದ್ದೆ. ಆದರೆ ಅದೊಂದನ್ನೇ ಲಕೋಟೆಗೆ ಹಾಕಿ ಅಂಚೆಪೆಟ್ಟಿಗೆಯ ತನಕ ಎರಡು ಸಲ ಹೋಗಿ ಬಂದೆ.

ಆಗಸ್ಟ್ 22ರ ಸಂಜೆ ಸಿಡಿಲು ಹೊಡೆದು ಮೈದಾನದ ಆಚೆ ತುದಿಯ ತಂತಿ ಸುಟ್ಟಿತು. 23ರಂದು ಓಣಿಯ ಪರದೆ ಬೆಳ್ಳಗಿತ್ತು. ದುರಸ್ತಿಯವನು ಬಂದದ್ದು 25ಕ್ಕೆ. ನಿನ್ನ ಆಟದಲ್ಲಿ ನಾನು ಸಲಿಕೆ ಮುಟ್ಟಲಿಲ್ಲ. ಬೆಂಚಿನ ಮೇಲೆ ಕೂತು ನಿನ್ನನ್ನು ನೋಡುತ್ತಿದ್ದೆ. ಆ ಎರಡು ಇನಿಂಗ್ಸ್‌ನಷ್ಟು ಚೆನ್ನಾಗಿ ನೀನು ಎಸೆದದ್ದನ್ನು ನಾನು ಹಿಂದೆ ನೋಡಿರಲಿಲ್ಲ. ನಮ್ಮವರು ಒಬ್ಬೊಬ್ಬರಾಗಿ ಬೈದುಕೊಂಡು ಬಂದು ಬ್ಯಾಟು ಬಿಸಾಡುತ್ತಿದ್ದರೆ ನನಗೆ ಒಳಗೊಳಗೇ ಹಿಗ್ಗು.

ಎರಡನೇ ಇನಿಂಗ್ಸ್ ಮುಗಿದಾಗ ಸಹಾಯಕ ತರಬೇತುದಾರ ಡಾಗೆಟ್ ಬಂದು ನನ್ನ ಮುಂದೆ ನಿಂತ. "ಬ್ರೂಸಾರ್ಡ್, ಇವನ ಚೆಂಡು ಐದು ವರ್ಷ ಹಿಡಿದವನು ನೀನೇ ತಾನೆ?" ಎಂದ. ಹೌದು ಎಂದೆ. "ಮತ್ತೆ ನಿನ್ನನ್ನ ಸೂರ್ಯಕಾಂತಿ ಬೀಜ ಜಗಿಯೋಕೆ ಇಟ್ಕೊಂಡಿದೀವೇನೋ? ಏನಿದೆ ಅವನ ಹತ್ರ, ಹೇಳು." ಆ ವಾರ ಕೈಬಿಡುವವರ ಪಟ್ಟಿಯಲ್ಲಿ ನನ್ನ ಹೆಸರಿದೆ ಎಂದು ಎಲ್ಲರಿಗೂ ಗೊತ್ತಿತ್ತು. ಅದು ಕಾರಣ, ನೆಪವಲ್ಲ. ಅಥವಾ ನೆಪವೇ ಇರಬಹುದು. ಎರಡೂ ಒಂದೇ ಹಾಗೆ ಕಾಣುವಷ್ಟು ಸಲ ಯೋಚಿಸಿದ್ದೇನೆ.

ನಾನು ಹೇಳಿದೆ: "ನಿಧಾನದ ಎಸೆತಕ್ಕೆ ಗವುಸಿನ ಮರೆಯಲ್ಲೇ ಚೆಂಡನ್ನ ಅಂಗೈ ಒಳಗೆ ಆಳಕ್ಕೆ ತಳ್ತಾನೆ. ಆಗ ಕೈಗವುಸು ಬಿಚ್ಕೊಳ್ಳುತ್ತೆ. ಹೆಬ್ಬೆರಳ ಹತ್ರ, ಎರಡು ಬೆರಳಷ್ಟು."

ಡಾಗೆಟ್ ನನ್ನ ಬೆನ್ನು ತಟ್ಟಿದ.

ಅದೃಷ್ಟ ಎಂದು ನಿನಗೆ ಹೇಳಿದ್ದು ಸುಳ್ಳು. ನಮ್ಮ ಮೊದಲ ವರ್ಷ, ಮೂರನೇ ವಾರದಲ್ಲೇ ನಾನು ಅದನ್ನು ಕಂಡುಹಿಡಿದೆ. ನಿನಗೆ ಹೇಳಿದರೆ ನೀನು ಕೈಯನ್ನೇ ಯೋಚಿಸುತ್ತಾ ಎಸೆತ ಕಳೆದುಕೊಳ್ಳುತ್ತೀಯ ಎಂದು ಹೆದರಿದೆ. ಅದಕ್ಕೇ ಕತೆ ಕಟ್ಟಿದೆ. ನಾನು ಮಂಡಿ ಎರಡು ಸಲ ತಟ್ಟಿದರೆ ಗವುಸನ್ನು ಎದೆಗೆ ಒತ್ತಿಕೋ, ನಮಗೆ ಒಳ್ಳೆಯದಾಗುತ್ತದೆ. ಒತ್ತಿಕೊಂಡಾಗ ಗವುಸು ಮುಚ್ಚಿಕೊಳ್ಳುತ್ತಿತ್ತು. ಐದು ವರ್ಷ ನಿನ್ನ ತಪ್ಪನ್ನು ನಾನು ತಿದ್ದಲಿಲ್ಲ, ಕಾವಲು ಕಾದೆ. ಕಾವಲುಗಾರನಿಗೆ ಬೀಗ ಎಲ್ಲಿ ಸಡಿಲ ಎಂದು ಗೊತ್ತಿರುತ್ತದೆ.

ಅವತ್ತು ಮಂಡಿ ತಟ್ಟಿದ್ದೂ ನಿಜ. ಮೂರನೆಯವನು ಹೊಡೆದಾಗ ತಡೆಯಲಾಗಲಿಲ್ಲ. ನಾನೇ ಬೀಗ ತೆಗೆದು ನಾನೇ ಕೂಗುತ್ತಿದ್ದೆ. ನೀನು ನನ್ನ ಕಡೆ ನೋಡಿದೆ. ನಕ್ಕೆ. ನಿನ್ನ ಆ ನಗೆಯಿಂದಾಗಿ ಆರು ವರ್ಷ ನಿನಗೆ ಫೋನು ಮಾಡಲಾಗಲಿಲ್ಲ.

ನಿಯಮದ ಪ್ರಕಾರ ಇದರಲ್ಲಿ ತಪ್ಪಿಲ್ಲ. ಬರಿಗಣ್ಣು.

ರೆಮಿ


ಅಯೋವ
ಜುಲೈ 18

ಕಂಬಾ,

ಉತ್ತರ ಬರಲಿಲ್ಲ. ಬರಬೇಕೆಂದೂ ಇಲ್ಲ. ಇಲ್ಲಿ ಬಿಸಿಲು ಜಾಸ್ತಿ. ಬೆಂಚಿನ ಪಕ್ಕದ ಐಸ್ ಡಬ್ಬಿಯನ್ನು ನಾನು ಆಚೆ ಇಡಿಸಿದ್ದೇನೆ. ಯಾಕೆ ಎಂದು ಹುಡುಗರು ಕೇಳಿದರೆ ಜಾಗವಿಲ್ಲ ಎನ್ನುತ್ತೇನೆ.

ರೆಮಿ


ವಿಲ್ಬರ್
ಆಗಸ್ಟ್ 24

ರೆಮಿ,

ನಿನ್ನೆಗೆ ಏಳು ವರ್ಷ.

ನಿನ್ನ ಜೂನ್ ಪತ್ರವನ್ನು ಅಂಗಡಿಯಲ್ಲಿ ನಿಂತೇ ಓದಿದೆ. ಒಬ್ಬ ರೈತ ಬೆಲ್ಟು ಕೇಳುತ್ತಿದ್ದ, ಯಾವ ಅಳತೆಯದು ಎಂದು ನಾನು ನಾಲ್ಕು ಸಲ ಕೇಳಿದೆನಂತೆ. ಆಮೇಲೆ ಬರೆಯಲು ಕೂತಾಗಲೆಲ್ಲ ಪತ್ರ ಬೈಗುಳವಾಗಿ ಶುರುವಾಗಿ ಎರಡನೇ ಸಾಲಿಗೇ ಸುಸ್ತಾಗುತ್ತಿತ್ತು. ಸಿಟ್ಟು ಮಾಡಿಕೊಳ್ಳುವುದಕ್ಕೂ ತ್ರಾಣ ಬೇಕು.

ನಿನ್ನೆ ಆ ಆಟದ ಟೇಪು ಹಾಕಿದೆ. ಏಳು ವರ್ಷದಲ್ಲಿ ನೋಡಿರಲಿಲ್ಲ. ಅಮ್ಮ ಬಟಾಣಿ ಸುಲಿಯುತ್ತಾ ಪಕ್ಕದಲ್ಲಿ ಕೂತಳು. ಅವಳಿಗೆ ನಿನ್ನ ಪತ್ರದ ವಿಷಯ ಹೇಳಿರಲಿಲ್ಲ. ಮೂರನೇ ಇನಿಂಗ್ಸ್ ಶುರುವಾಗಿ ಐದು ನಿಮಿಷವಾಗಿರಲಿಲ್ಲ. "ಲೋ ವೆಂಡೆಲ್, ಆ ಕೈಗವುಸು ಯಾಕೋ ಕೋಳಿ ರೆಕ್ಕೆ ಥರ ಬಿಚ್ಕೊಳ್ತಾ ಇದೆ?" ಎಂದಳು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದೆ. "ರೇಡಿಯೋದಲ್ಲಿ ಕಾಣುತ್ತೇನೋ ಗೂಬೆ?" ಎಂದಳು. ಆಮೇಲೆ ನಿನ್ನ ಪತ್ರ ಓದಿ ಹೇಳಿದೆ. ಅವಳು ಪೂರ್ತಿ ಬಟಾಣಿ ಸುಲಿದು ಮುಗಿಸಿ, ಸಿಪ್ಪೆ ಕೋಳಿಗೆ ಹಾಕಿ ಬಂದು ಕೇಳಿದಳು, "ಹಾಗಾದ್ರೆ ಅವತ್ತು ಅವರು ಕದೀಲಿಲ್ಲ." ಇಲ್ಲ ಎಂದೆ. "ಮತ್ತೆ ಮಿಕ್ಕ ದಿನ?" ಮಿಕ್ಕ ದಿನ ಕದ್ದರು ಎಂದೆ.

ಇವತ್ತು ವಕೀಲೆಗೆ ಫೋನು ಮಾಡಿ ಎಲ್ಲ ಹೇಳಿದೆ. ಅವಳು ಮೆಲ್ಲಗೆ ಹೇಳಿದಳು: "ವೆಂಡೆಲ್, ಇಡೀ ಋತು ಮೋಸ ನಡೀತು ಅಂತ ವರದಿಯಲ್ಲೇ ಇದೆ. ಸಿಡಿಲಿನ ವಿಷಯ ಯಾರೂ ಕೇಳಿಲ್ಲ. ಕೇಳದೇ ಇರೋದನ್ನ ನಾವಾಗಿ ಹೇಳಬೇಕು ಅಂತೇನಿಲ್ಲ." ನನ್ನ ಇನಿಂಗ್ಸ್ ಕೈಬಿಟ್ಟರೆ ಪತ್ರಿಕೆಯವರು ಬರುವುದಿಲ್ಲ, ಅವರು ಬಾರದಿದ್ದರೆ ಸಮಿತಿ ಊಟದ ಹೊತ್ತಿಗೆ ಫೈಲು ಮುಚ್ಚುತ್ತದೆ ಎಂದಳು. ಅವಳ ಮಾತು ಸರಿ. ಮಿಕ್ಕ ಹತ್ತು ಜನರದ್ದು ನಿಜವಾದ ಅನ್ಯಾಯ. ನಾನು ಬಾಯಿ ಮುಚ್ಚಿಕೊಂಡರೆ ಅವರಿಗೆ ಲಾಭ, ನನಗೆ ಅಂಗಡಿಯಲ್ಲಿ ಮರ್ಯಾದೆ. ಯಾರಿಗೂ ನಷ್ಟವಿಲ್ಲ.

ನೀನೂ ಡಾಗೆಟ್ ಮುಂದೆ ಹೀಗೇ ಲೆಕ್ಕ ಹಾಕಿರಬೇಕು.

ನನ್ನ ಇನಿಂಗ್ಸ್ ಪಟ್ಟಿಯಿಂದ ತೆಗೆಸುತ್ತಿದ್ದೇನೆ. ಸಮಿತಿಗೆ ಹೋಗಿ ನಾನೇ ಹೇಳುತ್ತೇನೆ. ಆಮೇಲೆ ಮಿಕ್ಕ ಹತ್ತು ಜನರ ಪರವಾಗಿ ಮಾತಾಡಲು ಹೆರಾನ್ಸ್ ಒಳಗಿದ್ದವರು ಯಾರೂ ಇಲ್ಲ. ನಿನ್ನ ಕೆಲಸದ ವಿಷಯ ನನಗೆ ಗೊತ್ತು. ಬಾ ಎಂದು ಕೇಳುತ್ತಿಲ್ಲ. ತಾರೀಖು ತಿಳಿಸುತ್ತಿದ್ದೇನೆ, ಅಷ್ಟೆ. ನವೆಂಬರ್ 14, ಬೆಳಿಗ್ಗೆ ಹತ್ತು, ಷಿಕಾಗೋ. ಹೋಟೆಲಿನ ಹೆಸರು ಹಿಂದಿನ ಪುಟದಲ್ಲಿದೆ.

ವೆಂಡೆಲ್


ಬ್ರೋ ಬ್ರಿಡ್ಜ್, ಲೂಯಿಸಿಯಾನ
ನವೆಂಬರ್ 29

ಕಂಬಾ,

ಷಿಕಾಗೋದ ಆ ಓಣಿಯಲ್ಲಿ ನಾವಿಬ್ಬರೂ ಎದುರಾದಾಗ ನೀನು "ಚಳಿ" ಎಂದೆ. ನಾನು "ಗಾಳಿ" ಎಂದೆ. ಏಳು ವರ್ಷದ ಮೇಲೆ ಅಷ್ಟೇ. ಆಮೇಲೆ ನೀನು ಬಸ್ಸಿಗೆ, ನಾನು ವಿಮಾನಕ್ಕೆ. ಉಳಿದದ್ದನ್ನು ಬರೆಯುತ್ತೇನೆ.

ನೀನು ಮಾತಾಡುವಾಗ ನಾನು ಹೊರಗೆ ಕೂತಿರಲಿಲ್ಲ, ಬಾಗಿಲ ಹತ್ತಿರ ನಿಂತಿದ್ದೆ. ತಂಡದ ವಕೀಲ ಕನ್ನಡಕ ಒರೆಸುತ್ತಾ, "ಹಾಗಾದರೆ ಮಿಸ್ಟರ್ ಹ್ರುಸ್ಕಾ, ನಿಮ್ಮನ್ನ ನ್ಯಾಯವಾಗಿಯೇ ಸೋಲಿಸಿದರು ಅನ್ನಿ" ಎಂದಾಗ ಅವನ ಕಡೆಯವರು ನಕ್ಕರಲ್ಲ. ನೀನು "ಹೌದು, ಆ ದಿನ" ಎಂದೆ. ನಗು ನಿಂತಿತು. ಪಕ್ಕದಲ್ಲಿದ್ದ ಪತ್ರಿಕೆಯ ಹೆಂಗಸು ಅಲ್ಲಿಯವರೆಗೆ ಪೆನ್ನನ್ನೇ ತೆಗೆದಿರಲಿಲ್ಲ. ಆಗ ತೆಗೆದಳು.

ಆಮೇಲೆ ನನ್ನ ಸರದಿ. ಹೆಸರು ಹೇಳಿದೆ, ಊರು ಹೇಳಿದೆ. ಅಧ್ಯಕ್ಷ ಕೇಳಿದ, "ಐಸ್ ಡಬ್ಬಿಯ ಹತ್ತಿರ ಕೂತವರು ಯಾರು?" ಉತ್ತರ ಗೊತ್ತಿರುವ ಪ್ರಶ್ನೆ. ಬಾಯಿ ಬರಲಿಲ್ಲ. ಎರಡನೇ ಸಾಲಿನಲ್ಲಿ ಡಾಗೆಟ್ ಕಾಲು ಮೇಲೆ ಕಾಲು ಹಾಕಿ ಬೀಜ ಜಗಿಯುತ್ತಾ ಕೂತಿದ್ದ. ಅವನನ್ನು ತಪ್ಪಿಸಿ ಆಚೆ ನೋಡಿದೆ. ನೀನು ಕಿಟಕಿಯ ಪಕ್ಕ ಇದ್ದೆ. ನಿನ್ನ ಕೈ ಮಂಡಿಯ ಮೇಲಿತ್ತು. ಎರಡು ಸಲ ತಟ್ಟಿದೆ. ಸ್ವಲ್ಪ ತಡೆದು ಮತ್ತೆ ಎರಡು ಸಲ.

ನನ್ನ ಕೈಯಲ್ಲಿ ಒಂದು ಕಾಗದವಿತ್ತು. ಅದನ್ನೇ ಎದೆಗೆ ಒತ್ತಿಕೊಂಡೆ. ನಗಬೇಡ. ಆಮೇಲೆ ಮಾತು ತಾನಾಗಿ ಬಂತು. ನಲವತ್ತು ನಿಮಿಷ ಹೇಳಿದೆ. ಅರವತ್ತು ಆಟ, ತಾರೀಖು ಸಮೇತ, ಯಾವ ಬ್ಯಾಟುಗಾರನಿಗೆ ಎಷ್ಟು ಸಲ ಕೆರೆದೆ ಎಂದು. ನಿನ್ನ ದಿನವನ್ನು ಬಿಟ್ಟು. ನೀನು ಹೇಳಿದ್ದು ಸರಿ, ಕ್ಯಾಚರ್‌ಗಳು ಮರೆಯುವುದಿಲ್ಲ.

ಕೊನೆಗೆ ಉಂಗುರ ತೆಗೆದು ಮೇಜಿನ ಮೇಲಿಟ್ಟೆ. ಅಧ್ಯಕ್ಷ ಅದನ್ನೂ ನನ್ನನ್ನೂ ನೋಡಿದ. ಪಕ್ಕದವನ ಕಿವಿಯಲ್ಲಿ ಏನೋ ಕೇಳಿದ. ಆಮೇಲೆ, "ಮಿಸ್ಟರ್ ಬ್ರೂಸಾರ್ಡ್, ಇದನ್ನ ತಗೊಳ್ಳೋ ವ್ಯವಸ್ಥೆ ನಮ್ಮಲ್ಲಿಲ್ಲ. ದಯವಿಟ್ಟು ಜೇಬಿಗೆ ಹಾಕ್ಕೊಳ್ಳಿ" ಎಂದ. ಹಾಕಿಕೊಂಡೆ.

ತೀರ್ಪು ನಿನಗೂ ಬಂದಿರುತ್ತದೆ. ಮೂರು ಸಾಲು. ದಾಖಲೆ ಇದ್ದ ಹಾಗೇ ಇರುತ್ತದೆ, ಸಾಕ್ಷಿಗಳ ಪ್ರಾಮಾಣಿಕತೆಗೆ ಸಮಿತಿ ಆಭಾರಿ. ತಂಡದವರು ನನಗೆ ಕಳಿಸಿದ್ದು ಎರಡೇ ಸಾಲು. ಮುಂದಿನ ವರ್ಷ ನನ್ನ ಸೇವೆ ಬೇಕಿಲ್ಲ. ಬೇರೆ ಆರು ತಂಡಗಳಿಗೆ ಫೋನು ಮಾಡಿದೆ. ಎಲ್ಲರೂ ತುಂಬ ಮರ್ಯಾದೆಯಿಂದ ಮಾತಾಡಿದರು. ಈಗ ಭಾವನ ಜೊತೆ ಸೀಗಡಿ ಕೆರೆಗೆ ಬೋನು ಇಡಲು ಹೋಗುತ್ತೇನೆ. ಕೂರಬೇಕಾಗಿಲ್ಲ, ನಿಂತು ಮಾಡುವ ಕೆಲಸ. ಮಂಡಿಗೆ ಒಳ್ಳೆಯದು.

ನೀನು ಅವತ್ತು ತಟ್ಟಿದ್ದಕ್ಕೆ ಏನು ಹೇಳಬೇಕೋ ತಿಳಿಯದೆ ಇಷ್ಟುದ್ದ ಬರೆದೆ.

ನಿನ್ನ,
ರೆಮಿ


ವಿಲ್ಬರ್
ಡಿಸೆಂಬರ್ 15

ಗಿಡ್ಡಾ,

ಆ ಹೋಟೆಲಿನ ಕುರ್ಚಿ ಕುಳ್ಳು. ನನ್ನ ಮಂಡಿ ನೋಯುತ್ತಿತ್ತು, ಅದಕ್ಕೆ ತಟ್ಟಿಕೊಂಡೆ.

ತೀರ್ಪು ಬಂತು. ವಕೀಲೆ ಫೋನಿನಲ್ಲಿ ಅತ್ತಳು. ನಾನು ಅವಳನ್ನು ಸಮಾಧಾನ ಮಾಡಬೇಕಾಯಿತು. ಹತ್ತು ಜನರಲ್ಲಿ ಇಬ್ಬರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಒಬ್ಬ, ನಿನ್ನ ಅರವತ್ತು ತಾರೀಖಿನಲ್ಲಿ ತನ್ನದೂ ಇತ್ತು ಎಂದು ಕ್ಯಾನ್ಸಸ್‌ನಿಂದ ಕಾರು ಓಡಿಸಿಕೊಂಡು ಬಂದು, ಒಂದು ಕಾಫಿ ಕುಡಿದು ಹೋದ. ಅಂಗಡಿಯಲ್ಲಿ ರೈತರು ಈಗ "ದೋಚಿದರು" ಎನ್ನುವುದಿಲ್ಲ. ಬೋಲ್ಟು ಕೇಳುತ್ತಾರೆ, ಕೊಡುತ್ತೇನೆ. ನಿನ್ನೆ ಒಬ್ಬ ಮುದುಕ ಹೊರಡುತ್ತಾ ಬಾಗಿಲಲ್ಲಿ ನಿಂತು, "ಮೊದಲ ಎರಡು ಇನಿಂಗ್ಸ್ ಭಾರಿ ಎಸೆದೆ ಬಿಡು" ಎಂದ. ನಾನು ಒಳಗೆ ಹೋಗಲಿಲ್ಲ. ಅಲ್ಲೇ ನಿಂತು ಥ್ಯಾಂಕ್ಸ್ ಎಂದೆ.

ನಿನ್ನನ್ನು ಕ್ಷಮಿಸಿದ್ದೇನೆಯೇ ಎಂದು ಅಮ್ಮ ಕೇಳಿದಳು. ಗೊತ್ತಿಲ್ಲ ಎಂದೆ. "ಗೊತ್ತಾಗೋ ತನಕ ಅವನು ಉಪವಾಸ ಇರ್ಬೇಕಾ?" ಎಂದಳು. ಫೆಬ್ರವರಿಯಲ್ಲಿ ಸೀಗಡಿ ಕೆಲಸ ಜೋರಾಗುವ ಮೊದಲು ನೀನು ಇಲ್ಲಿಗೆ ಬರಬೇಕಂತೆ. ಉಂಗುರ ಹಾಕಿಕೊಂಡು ಬರಬೇಡ, ಹಿಟ್ಟು ಮೆತ್ತಿಕೊಳ್ಳುತ್ತದೆ ಎಂದಳು. ನಿನ್ನನ್ನು ತಿನ್ನಲು ಕರೆಯುತ್ತಿಲ್ಲ, ಕೊಲಾಚೆ ಕಟ್ಟಲು ಕರೆಯುತ್ತಿದ್ದಾಳೆ.

ಇನ್ನೊಂದು ಕೆಲಸವೂ ಇದೆ. ಮೂರನೇ ಇನಿಂಗ್ಸ್‌ನ ಹಾಳೆಯಲ್ಲಿ ಖಾಲಿ ಬಿಟ್ಟ ಚೌಕಗಳನ್ನು ತುಂಬಬೇಕಂತೆ, ಒಂದೊಂದು ಎಸೆತವನ್ನೂ. ಟೇಪು ಇದೆಯಲ್ಲ ಎಂದೆ. ಟೇಪಿನಲ್ಲಿ ನಡುನಡುವೆ ಜಾಹೀರಾತಿನವರು ಮಾತಾಡುತ್ತಾರೆ, ಅವನು ಬಂದು ಹೇಳಲಿ, ಅವನಿಗೆ ನೆನಪಿರುತ್ತದೆ ಎಂದಳು. "ಕಳ್ಳರು" ಎಂದು ಬರೆದಿದ್ದಳಲ್ಲ, ಅದನ್ನು ರಬ್ಬರಿನಿಂದ ತಾನೇ ಅಳಿಸಿದ್ದಾಳೆ. ಬಲವಾಗಿ ಒತ್ತಿ ಬರೆದಿದ್ದರಿಂದ ತುಂಬ ಉಜ್ಜಬೇಕಾಯಿತು. ಅಲ್ಲಿ ಹಾಳೆ ಎಷ್ಟು ತೆಳ್ಳಗಾಗಿದೆಯೆಂದರೆ ದೀಪಕ್ಕೆ ಹಿಡಿದರೆ ಹಿಂದಿನ ಪುಟ ಕಾಣುತ್ತದೆ. ಅಲ್ಲಿರುವುದು ಮೊದಲ ಎರಡು ಇನಿಂಗ್ಸ್.

ಮೆಲ್ಲಗೆ ಬರೆಯಬೇಕು, ಇಲ್ಲದಿದ್ದರೆ ಹರಿಯುತ್ತದೆ. ಪೆನ್ಸಿಲ್ ಚೂಪು ಮಾಡಿಟ್ಟಿದ್ದಾಳೆ.

ನಿನ್ನ,
ಕಂಬ